ಯಂತ್ರ ಗುಣವಾಯಿತು, ಹಳ್ಳದ ಗತಿಯೇನು?

ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಿಸುವ ಕಷ್ಟ ಪ್ರತಿ ಮನೆಗೂ ಗೊತ್ತು. ಹೋಂಸ್ಟೇ, ರೆಸಾರ್ಟುಗಳು ಹೆಚ್ಚಿದಂತೆ ಅವುಗಳ ಹೊದಿಕೆ, ಟವೆಲ್ಲುಗಳನ್ನು ಒಗೆದುಕೊಡುವ ಲಾಂಡ್ರಿಗಳೂ ಬೆಟ್ಟದ ಊರುಗಳಿಗೆ ಬಂದಿವೆ. ಅಲ್ಲಿನ ದೊಡ್ಡ ಯಂತ್ರಗಳನ್ನು ಮೇಲಿಂದ ಮೇಲೆ ಕಾಡುವ ತೊಂದರೆಗಳು ಎರಡು: ಕೊಳೆನೀರು ಹೊರಹೋಗದಿರುವುದು ಮತ್ತು ಬಟ್ಟೆ ಹಿಂಡದಿರುವುದು.

ಇವೆರಡರ ಮೂಲ ಅನೇಕ ವೇಳೆ ಒಂದೇ. ಒಳಗೆ ನೀರು ಉಳಿದಿದೆಯೆಂದು ಒತ್ತಡದ ಸ್ವಿಚ್ಚು ತಿಳಿಸುತ್ತಿರುವವರೆಗೆ ಯಂತ್ರ ವೇಗವಾಗಿ ತಿರುಗಲಾರದು. ಆದ್ದರಿಂದ ಹಿಂಡದ ಯಂತ್ರದ ಮೋಟಾರನ್ನು ದೂರುವ ಮೊದಲು ನೀರಿನ ದಾರಿಯನ್ನು ನೋಡಬೇಕು. ಬಟ್ಟೆಯ ಜುಂಗು, ಗುಂಡಿ, ನಾಣ್ಯ, ಹೇರ್‌ಪಿನ್ನುಗಳು ಡ್ರೈನ್ ವಾಲ್ವ್‌ನಲ್ಲೋ ಪಂಪಿನಲ್ಲೋ ಸಿಕ್ಕಿಕೊಂಡಿರುತ್ತವೆ; ಇಲ್ಲವೇ ನೆಲದ ಕೊಳವೆ ಕಟ್ಟಿಕೊಂಡಿರುತ್ತದೆ.

ಇಲ್ಲಿಯೇ ಅಡ್ಡದಾರಿಯೊಂದು ಕಾಣುತ್ತದೆ. ಜುಂಗು ಹಿಡಿಯುವ ಜರಡಿಯನ್ನು ಕಿತ್ತೆಸೆದು, ಕೊಳವೆಯನ್ನು ಹಿತ್ತಲಿನ ತೋಡಿಗೆ ತಿರುಗಿಸಿದರೆ ನೀರು ಸರಾಗವಾಗಿ ಹರಿಯುತ್ತದೆ, ಯಂತ್ರವೂ ಹಿಂಡುತ್ತದೆ. ಆದರೆ ಇದು ರಿಪೇರಿಯಲ್ಲ. ಕಾಯಿಲೆಯನ್ನು ಯಂತ್ರದಿಂದ ಹಳ್ಳಕ್ಕೆ ದಾಟಿಸುವ ಕೆಲಸ. ಸೋಪಿನ ನೊರೆಯ ಜೊತೆಗೆ ಪಾಲಿಯೆಸ್ಟರ್ ಬಟ್ಟೆಯಿಂದ ಉದುರುವ, ಕೊಳೆಯದ ಸೂಕ್ಷ್ಮ ಎಳೆಗಳೂ ಹಳ್ಳ ಸೇರುತ್ತವೆ. ಕಾವೇರಿ, ತುಂಗಾ, ಹೇಮಾವತಿಯರು ಹುಟ್ಟುವುದು ಇದೇ ಬೆಟ್ಟಗಳಲ್ಲಿ. ಮಲಿನ ನೀರನ್ನು ಹೊಳೆಹಳ್ಳಗಳಿಗೆ ಬಿಡುವುದನ್ನು 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯೂ ನಿಷೇಧಿಸಿದೆ.

ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಬಿಸಿನೀರಿದ್ದರೆ ತಣಿಯಲು ಬಿಡಬೇಕು. ಅನಂತರ ಜರಡಿ, ವಾಲ್ವ್, ಕೊಳವೆಗಳನ್ನು ಒಂದೊಂದಾಗಿ ತೊಳೆಯಬೇಕು. ನೀರು ಪೂರ್ಣ ಇಳಿದರೂ ಯಂತ್ರ ತಿರುಗದಿದ್ದರೆ ಒತ್ತಡದ ಸ್ವಿಚ್ಚಿಗೆ ಹೋಗುವ ಸಣ್ಣ ನಳಿಕೆಯಲ್ಲಿ ಸೋಪು ಕಟ್ಟಿರಬಹುದು. ಒಂದೇ ಭಾರವಾದ ಕಂಬಳಿ ಹಾಕಿದಾಗ ತೂಕ ಒಂದೆಡೆ ವಾಲಿ ಯಂತ್ರ ತಾನೇ ವೇಗ ತಗ್ಗಿಸುತ್ತದೆ. ಅದು ದೋಷವಲ್ಲ, ರಕ್ಷಣೆ. ಬಾಗಿಲಿನ ಲಾಕು, ಸಡಿಲಗೊಂಡ ಬೆಲ್ಟು, ಕುಸಿದ ವೋಲ್ಟೇಜುಗಳನ್ನೂ ಪರೀಕ್ಷಿಸಬೇಕು. ಪುಡಿ ಹೆಚ್ಚಾದರೆ ನೊರೆಯೇ ಹಿಂಡುವಿಕೆಗೆ ಅಡ್ಡಿಯಾಗುತ್ತದೆ. ಅಂದರೆ ಪುಡಿಯನ್ನು ಅಳೆದು ಹಾಕುವುದರಿಂದ ಯಂತ್ರಕ್ಕೂ ಹಳ್ಳಕ್ಕೂ ಒಟ್ಟಿಗೇ ಹಿತ.

ಹಿಂಡುವಿಕೆಯನ್ನು ಅಲಕ್ಷಿಸುವುದೂ ಸಲ್ಲದು. ಒಂದು ಲೀಟರ್ ನೀರನ್ನು ಶಾಖದಿಂದ ಆವಿಯಾಗಿಸಲು ಸುಮಾರು 0.65 ಯೂನಿಟ್‌ನಷ್ಟು ಶಕ್ತಿ ಬೇಕು. ಅದೇ ನೀರನ್ನು ತಿರುಗಿಸಿ ಹೊರದೂಡಲು ಅದರ ಅಲ್ಪಾಂಶ ಸಾಕು. ಸರಿಯಾಗಿ ಹಿಂಡದೆ ಡ್ರೈಯರಿಗೆ ಹೋಗುವ ಪ್ರತಿ ಹೊದಿಕೆಯೂ ವಿದ್ಯುತ್ತನ್ನೋ ಗ್ಯಾಸನ್ನೋ ಸೌದೆಯನ್ನೋ ಹೆಚ್ಚಾಗಿ ನುಂಗುತ್ತದೆ. ಹಿಂಡದ ಬಟ್ಟೆಯ ಭಾರವನ್ನು ಹೊರುವವರು ಅಲ್ಲಿನ ಕೆಲಸಗಾರರು ಎಂಬುದನ್ನೂ ಮರೆಯಬಾರದು.

ಆದ್ದರಿಂದ ಲಾಂಡ್ರಿಗೆ ಪರವಾನಗಿ ಕೊಡುವ ಪಂಚಾಯಿತಿಗಳು ಯಂತ್ರದ ಹಿಂದಿನ ಕೊಳವೆ ಎಲ್ಲಿ ಕೊನೆಗೊಳ್ಳುತ್ತದೆಂದು ನೋಡಬೇಕು. ಜರಡಿ ಮತ್ತು ಇಂಗುಗುಂಡಿಗೆ ಮೊದಲಿನ ಶೋಧಕ ತೊಟ್ಟಿ ಕಡ್ಡಾಯವಾಗಬೇಕು. ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ಈ ರಿಪೇರಿಯನ್ನು ಕಲಿತರೆ ಊರಿನಲ್ಲೇ ಉದ್ಯೋಗವೂ ಸಿಕ್ಕೀತು. ಪ್ರವಾಸಿಯ ಹೊದಿಕೆ ಬೆಳ್ಳಗಾಗಲಿ. ಅದಕ್ಕಾಗಿ ಕೆಳಗಿನ ಊರಿನ ಕುಡಿಯುವ ನೀರು ಕಪ್ಪಾಗುವುದು ಬೇಡ.