ಅಣ್ಣಾವ್ರ ಮುಖ, ಯಾರ ಕಂಠ?



ಅಮೆರಿಕದ ಟೀವಿಯಲ್ಲಿ 'ದಿ ಸಿಂಪ್ಸನ್ಸ್' ಅಂತ ಒಂದು ಕಾರ್ಟೂನ್ ಹಾಸ್ಯ ಧಾರಾವಾಹಿ. 1990ರ ನವೆಂಬರಿನ ಒಂದು ಕಂತಿನಲ್ಲಿ ಹಳೇ ತಲೆಮಾರಿನ ಗಾಯಕ ಟೋನಿ ಬೆನೆಟ್ ಅವರನ್ನು ಹಳದಿ ಬಣ್ಣದ ಗೊಂಬೆಯಾಗಿ ಬರೆದು, ಅವರಿಂದಲೇ ಹಾಡಿಸಿದರು. ಆಗ ಅವರಿಗೆ 64. ಗೊಂಬೆಯ ಹೆಸರೂ ಟೋನಿ ಬೆನೆಟ್ಟೇ! ಮುಖ, ಕಂಠ, ಹೆಸರು ಮೂರೂ ಒಂದೇ ಏಟಿಗೆ ಪಡ್ಡೆ ಹುಡುಗರಿಗೆ ಸಿಕ್ಕವು. 2023ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮಲ್ಲಿ ಅಂಥೋರು ಯಾರು ಅಂತೀರಾ? ಪಿ.ಬಿ. ಶ್ರೀನಿವಾಸ್ ಕಣ್ರೀ! 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು. ಕೂಗಾಟವಿಲ್ಲ, ಆರ್ಭಟವಿಲ್ಲ, ಮೈಕಿನ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ ಹಾಡಿದವರು. 1960ರ 'ಭಕ್ತ ಕನಕದಾಸ'ದಿಂದ ಮುಂದೆ ಅಣ್ಣಾವ್ರ ಕಂಠವೇ ಆಗಿಹೋದರು. 1972ರ 'ನಾಗರಹಾವು' ಚಿತ್ರದಲ್ಲಿ ವಿಷ್ಣುಗೂ ಹಾಡಿದರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರೇ ಹಾಡಿದರು, ಆಮೇಲೆ ಆ ಜೋಡಿ ಸಡಿಲವಾಯ್ತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ... ಗಣೇಶನ ಆರ್ಕೆಸ್ಟ್ರಾ ಎಲ್ಲಿದ್ದರೂ ನಾನು ಹಾಜರ್! ಮಿಮಿಕ್ರಿಯವನು ಅಣ್ಣಾವ್ರ ಹಾಗೆ ಕತ್ತು ವಾಲಿಸಿ, ಕೈ ಎತ್ತಿ, ಹಳೇ ಹಾಡಿಗೆ ಬಾಯಾಡಿಸುತ್ತಾನೆ. ಶಿಳ್ಳೆಯೋ ಶಿಳ್ಳೆ! ನಿರೂಪಕ ಹೇಳೋದು 'ಅಣ್ಣಾವ್ರ ಹಾಡು' ಅಂತ ಮಾತ್ರ. ಮೈಯೇನೋ ಅಣ್ಣಾವ್ರದೇ ಗುರುವೇ, ಆದರೆ ಕಂಠ? ಪೀಬಿಯವರನ್ನು ದಿನವೂ ಕೇಳ್ತೀವಿ, ಹೆಸರು ಮಾತ್ರ ಹೇಳಲ್ಲ.

ಕಾಮಿಡಿಗೆ ಹೆಸರು ಮುಟ್ಟಿಸುವ ತಾಕತ್ತಿದೆ. ನಮ್ಮ ಶಿವರಾಜ್ 'ಕಾಮಿಡಿ ಕಿಲಾಡಿಗಳು' ವೇದಿಕೆ ಹತ್ತಿದ್ದೇ ತಡ, ಕೆ.ಆರ್. ಪೇಟೆ ಅನ್ನೋ ಹೆಸರು ಮನೆಮನೆಗೂ ಹೋಗಲಿಲ್ಲವೇ? ಹಾಗೇ ಯಾರಾದರೂ ಕನ್ನಡದ ಗಂಡುಮಗ ಕಾರ್ಟೂನಿನಲ್ಲಿ ಪೀಬಿಯವರನ್ನು ಬರೆಯಲಿ. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು, ಜೇಬು ತುಂಬಾ ಬಣ್ಣಬಣ್ಣದ ಪೆನ್ನು ಇಟ್ಟುಕೊಂಡು, ಎಂಟು ಭಾಷೆಯಲ್ಲಿ ಕವಿತೆ ಗೀಚುತ್ತಿದ್ದ ಆಸಾಮಿ! ಕಾರ್ಟೂನಿಗೆ ಇನ್ನೇನು ಬೇಕು? ನಗೋಣ, ಅದು ಅವಮಾನವಲ್ಲ. ಗೊತ್ತಿಲ್ಲದವರನ್ನು ಅಣಕಿಸೋಕೆ ಯಾರಿಂದಲೂ ಆಗಲ್ಲ.

ಅವರು 2013ರ ಏಪ್ರಿಲ್ 14ರಂದು ಚೆನ್ನೈನಲ್ಲಿ ಹೊರಟುಹೋದರು. ಕಾರ್ಟೂನ್ ಬರುವಾಗ ಬರಲಿ. ಮುಂದಿನ ಗಣೇಶನಿಗೆ ಮೈಕ್ ಹಿಡಿಯೋ ಗೆಳೆಯರೇ, 'ಅಣ್ಣಾವ್ರ ಹಾಡು' ಅಂದ ಮೇಲೆ 'ಹಾಡಿದವರು ಪಿ.ಬಿ. ಶ್ರೀನಿವಾಸ್' ಅನ್ನಿ. ಎರಡೇ ಸೆಕೆಂಡು. ಶಿಳ್ಳೆ ಕಮ್ಮಿಯಾಗಲ್ಲ, ಜವಾಬ್ದಾರಿ ನಂದು!