ಆಲೆಮನೆಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ

ಮಂಡ್ಯ ಸೀಮೆಯಲ್ಲಿ ಮನೆಮಂದಿಯೇ ದುಡಿದು ನಡೆಸುವ ಆಲೆಮನೆಗಳು ಅನೇಕ. ಬೆಲ್ಲ ಮಾರಿದ ಹಣ ಕೈಗೆ ಬರುತ್ತದೆ. ಆದರೂ ಎಷ್ಟೋ ಕಡೆ ವರ್ಷದ ಕೊನೆಗೆ ಸಾಲವೇ ಬೆಳೆದಿರುತ್ತದೆ. ಮಂಡಿಯ ಬೆಲೆ ನಿಮ್ಮ ಕೈಯಲ್ಲಿಲ್ಲ, ನಿಜ. ಲೆಕ್ಕದ ಪುಸ್ತಕವಂತೂ ನಿಮ್ಮ ಕೈಯಲ್ಲಿಯೇ ಇದೆ.

ಸಾಮಾನ್ಯವಾಗಿ ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಸಿಗುತ್ತದೆ. ಆದ್ದರಿಂದ ಒಂದು ಕ್ವಿಂಟಲ್ ಬೆಲ್ಲದ ಬೆಲೆಯಿಂದ ಒಂದು ಟನ್ ಕಬ್ಬಿನ ಬೆಲೆ, ಕೂಲಿ, ವಿದ್ಯುತ್, ಸಾಗಾಣಿಕೆ, ಮಾರಾಟದ ಖರ್ಚುಗಳನ್ನು ಕಳೆಯಿರಿ. ಕಬ್ಬು ಸ್ವಂತದ್ದಾದರೂ, ಕಾರ್ಖಾನೆಗೆ ಹಾಕಿದ್ದರೆ ಕೈಗೆ ಬರುತ್ತಿದ್ದ ಬೆಲೆಯನ್ನು ಹಿಡಿಯಿರಿ. ಮಡದಿ, ತಮ್ಮಂದಿರ ದುಡಿಮೆಗೂ ಕೂಲಿ ಬರೆಯಿರಿ. ಆಮೇಲೆ ಉಳಿದದ್ದು ಲಾಭ. ಮನೆಯವರ ಕೂಲಿಯೂ ಹುಟ್ಟದಿದ್ದರೆ, ಬೆಲೆ ಏರುವವರೆಗೆ ಒಲೆ ಆರಿಸಿ ಕಬ್ಬನ್ನು ಕಾರ್ಖಾನೆಗೆ ಸಾಗಿಸುವುದೇ ಲೇಸು.

ಮದುವೆ, ಹಬ್ಬಗಳ ಖರ್ಚಿಗೆ ಆಲೆಮನೆಯ ಹಣ ಎತ್ತಬೇಡಿರಿ. ವಾರಕ್ಕೆ ಇಷ್ಟೆಂದು ಗೊತ್ತುಮಾಡಿ ಮನೆಗೆ ಕೊಡಿರಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಲ್ಪವೆಂದು ತೋರಬಹುದು. ಒಂದು ಲಕ್ಷಕ್ಕೆ ಅದು ವರ್ಷಕ್ಕೆ 36,000 ರೂಪಾಯಿ! ಇಂಥ ಕೈಸಾಲವನ್ನು ಮೊದಲು ತೀರಿಸಿರಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ದಿಮೆಗಳಿಗೆ ಅಡಮಾನವಿಲ್ಲದೆ ಸಾಲ ಕೊಡುವ ಏರ್ಪಾಡಿದೆ. ಲೆಕ್ಕದ ಪುಸ್ತಕ ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿ ವಿಚಾರಿಸಿರಿ.

ನಿಂತ ಗಾಣವನ್ನು ಮತ್ತೆ ಹೂಡಬಹುದು. ಗಾಣ ಉಳಿಸಲೆಂದು ಜಮೀನಿನ ಪತ್ರ ಅಡವಿಟ್ಟು ಕಳೆದುಕೊಂಡರೆ, ಆ ಜಮೀನು ಮರಳಿ ಬರುವುದು ಕಷ್ಟ. ಈ ಹಂಗಾಮಿನಿಂದಲೇ ಲೆಕ್ಕ ಬರೆಯಲು ತೊಡಗಿರಿ.