ಗರಗಸದ ಯಂತ್ರಕ್ಕೆ ತಕ್ಕ ಎಣ್ಣೆ

ಗುಂಡ್ಲುಪೇಟೆ ಸೀಮೆಯ ತರುಣನೊಬ್ಬನು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದನು. ಒಣಗಿದ ತೆಂಗಿನ ಮರಗಳನ್ನು ಕೊಯ್ದುಕೊಡುವುದು ಅವನ ಕಾಯಕ. ಸಾಲ ಮಾಡಿ ಕೊಂಡಿದ್ದ ಚೈನ್‌ಸಾ ಯಂತ್ರವು ಆರು ತಿಂಗಳು ತುಂಬುವ ಮೊದಲೇ ಬಿಗಿದು ನಿಂತಿತ್ತು. ಚಾಮರಾಜನಗರದ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈಯೆಲ್ಲ ಗೀರು. ಬೈಕಿಗೆ ತಂದು ಮಿಕ್ಕಿದ್ದ ಇಂಜಿನ್ ಆಯಿಲನ್ನೇ ಪೆಟ್ರೋಲಿಗೆ ಬೆರೆಸಿದ್ದನಂತೆ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ವ್ಯಾಕರಣ ಓದಿದವರಿಗೆ ಈ ಉಸಾಬರಿ ಏಕೆಂದು ನೀವು ನಗಬಹುದು. ಆದರೂ ವಿಚಾರಿಸಿ ತಿಳಿದುದನ್ನು ಹೇಳುತ್ತೇನೆ. ಈಗಿನ ಬೈಕಿನ ಇಂಜಿನ್ನಿನಲ್ಲಿ ಎಣ್ಣೆಗೆ ಪ್ರತ್ಯೇಕ ಸ್ಥಳವುಂಟು. ಅದು ಅಲ್ಲಿಯೇ ಸುತ್ತುತ್ತಿರುತ್ತದೆ. ಟೂ ಸ್ಟ್ರೋಕ್ ಚೈನ್‌ಸಾದಲ್ಲಿ ಆ ಸ್ಥಳವಿಲ್ಲ. ಪೆಟ್ರೋಲಿನೊಡನೆ ಬಂದ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳನ್ನು ಸವರಿ, ಕೊನೆಗೆ ಅದರೊಡನೆಯೇ ಉರಿದುಹೋಗಬೇಕು; ಹೆಚ್ಚು ಮಸಿಯನ್ನೂ ಬೂದಿಯನ್ನೂ ಉಳಿಸಬಾರದು. ಬೈಕಿನ ಎಣ್ಣೆಯನ್ನು ಅದಕ್ಕಾಗಿ ತಯಾರಿಸಿರುವುದಿಲ್ಲ.

ಹಳೆಯ ಸ್ಕೂಟರುಗಳಿಗೆ ಬಂಕಿನಲ್ಲಿ ಟೂ-ಟಿ ಎಣ್ಣೆ ಹಾಕಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರ ಬಿಡಿ ಮಾರಾಟವನ್ನು ದೆಹಲಿಯಲ್ಲಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ೧೯೯೮ರಲ್ಲಿಯೇ ಆದೇಶಿಸಿತು. ಚೈನ್‌ಸಾ ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತುತ್ತದೆ, ಗಾಳಿಯಿಂದಲೇ ತಂಪಾಗಬೇಕು. ಆದುದರಿಂದ ಮುಚ್ಚಿದ ಡಬ್ಬಿಯನ್ನೇ ಕೊಳ್ಳಿರಿ. ಅದರ ಮೇಲೆ ಜಾಸೊ ಎಫ್‌ಡಿ ಅಥವಾ ಐಎಸ್‌ಒ ಇಜಿಡಿ ಎಂಬ ಗುರುತಿರಲಿ. ಎಫ್‌ಬಿ ಇದಕ್ಕಿಂತ ಕೆಳದರ್ಜೆಯದು. ಟಿಸಿ-ಡಬ್ಲ್ಯು೩ ಎಂದಿದ್ದರೆ ಅದು ನೀರಿನಿಂದ ತಂಪಾಗುವ ದೋಣಿಯ ಇಂಜಿನ್ನಿಗೆ, ನಮಗೆ ಬೇಡ.

ಅಳತೆಯನ್ನು ಯಂತ್ರದ ಪುಸ್ತಕದಲ್ಲಿಯೇ ನೋಡಬೇಕು. ಸಾಮಾನ್ಯವಾಗಿ ಐವತ್ತಕ್ಕೆ ಒಂದು, ಅಂದರೆ ಲೀಟರು ಪೆಟ್ರೋಲಿಗೆ ೨೦ ಮಿಲಿಲೀಟರು, ಕೆಲವಕ್ಕೆ ೪೦. ಹೆಚ್ಚು ಸುರಿದರೆ ಯಂತ್ರಕ್ಕೆ ಪುಷ್ಟಿ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಫಲವೆಂದರೆ ಹೊಗೆ, ಪ್ಲಗ್ಗಿನಲ್ಲಿ ಮಸಿ. ಔಷಧದ ಸಿರಿಂಜಿನಿಂದ ಅಳೆಯುವುದು ಲೇಸು.

ಇನ್ನೊಂದು ಮಾತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ ೨೦ರವರೆಗೆ ಎಥನಾಲ್ ಇರುತ್ತದೆ. ಅದು ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆ ತಳದ ದ್ರವದಲ್ಲಿ ಎಣ್ಣೆಯ ಅಂಶವೇ ಇರುವುದಿಲ್ಲ. ಒಂದೆರಡು ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಬಿಗಿಯಾಗಿ ಮುಚ್ಚಿ, ಹಾಕುವ ಮುನ್ನ ಕುಲುಕಿರಿ.

ಸರಪಳಿಯ ಎಣ್ಣೆಗೆ ಬೇರೆ ಟ್ಯಾಂಕು ಇದೆ. ಅದಕ್ಕೆ ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ಹಾಕುವವರು ಬಹಳ. ಅದರಲ್ಲಿರುವ ಲೋಹದ ಪುಡಿಯು ಬಾರನ್ನೂ ಪಂಪನ್ನೂ ತೇಯುತ್ತದೆ. ಆ ತರುಣನ ಯಂತ್ರದಲ್ಲಿ ಅದೂ ಸಿಕ್ಕಿತ್ತು.